ಮುಟ್ಟದೇ ಹೋದ ಮದುವೆಯ ಕರೆ

ಗುಳೇದಗುಡ್ಡ,
ಫೆಬ್ರವರಿ 30, 2171

ನನ್ನ ಅಜ್ಜಿಯ ಅಜ್ಜಿಯಾದ ಪ್ರತೀಕ್ಷಾ ಅವರಿಗೆ ದಾನೇಶ್ವರಿಯ ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಇದನ್ನು ಓದುವಾಗ ನಿಮಗಿನ್ನೂ ಇಪ್ಪತ್ತೇ ವರ್ಷವಾದರೂ ‘ನೀವು’ ಎನ್ನದಿರಲು ನನ್ನಿಂದಾಗದು. ಕೆಲವು ಮಾತು ಹೊಸದೆನಿಸಿದರೆ ಕ್ಷಮಿಸಿ.

ಅವ್ವನ ಒಬ್ಬನೇ ತಮ್ಮ ಬಸಲಿಂಗ ಮಾಮಾ ಇರುವುದು ತೇಲೂರಿನಲ್ಲಿ, ಅಂದರೆ ಕಡಲ ಮೇಲೆ ಕಟ್ಟಿದ ಊರಿನಲ್ಲಿ. ಅಲ್ಲಿಯವರೆಲ್ಲ ಬಳಸುವುದು ‘ಏಕಾಂತ’ ಎಂಬ ಸಂದೇಶದ ಆ್ಯಪ್. ಬೀಗ ಬಲು ಭದ್ರ. ಬರೆದವರು, ಓದುವವರ ಹೊರತು ಇನ್ನಾರ ಕಣ್ಣಿಗೂ ಸಂದೇಶ ಬೀಳದು. ಆದರೆ ಅಲ್ಲಿಂದ ಬೇರೆ ಆ್ಯಪಿಗೆ ಒಂದಕ್ಷರವೂ ದಾಟುತ್ತಿರಲಿಲ್ಲ. ಮೊದಲು ಅದರಲ್ಲೇ ಇದ್ದ ಅವ್ವ ಅದನ್ನು ಬಿಟ್ಟು ಬೇರೆ ಆ್ಯಪಿಗೆ ಹೋದದ್ದು ಮಾಮಾನಿಗೆ ಗೊತ್ತಿರಲಿಲ್ಲ. ಮದುವೆಗೆ ಕರೆದು ಬರೆದ. ಅವಳು ಬಿಟ್ಟುಬಂದ ಖಾತೆಗೆ ಅದು ಸೇರಿ, ಅವನಿಗೆ ‘ಮುಟ್ಟಿದೆ’ ಎಂದು ತೋರಿಸಿತು. ಅಕ್ಕ ಬರಲಿಲ್ಲವೆಂದು ಅವನು ಮುನಿದ; ಹೇಳದೆ ಮದುವೆಯಾದನೆಂದು ಇವಳು ಮುನಿದಳು. ಮಾಮಿಯ ಮುಖ ನೋಡದೆಯೇ ನನ್ನ ಮಕ್ಕಳೂ ದೊಡ್ಡವರಾದರು.

ಹೋದ ವರ್ಷ ‘ಕೂಡುಬಾಗಿಲು’ ಕಾಯಿದೆ ಬಂತು. ಬೀಗ ಸಡಿಲಾಗದೆ ಯಾವ ಆ್ಯಪಿನಿಂದ ಯಾವುದಕ್ಕಾದರೂ ಸಂದೇಶ ಹೋಗಬೇಕು, ಮುಟ್ಟದಿದ್ದರೆ ಮುಟ್ಟಿಲ್ಲವೆಂದು ನಿಜ ಹೇಳಬೇಕು. ಆ ವಾರವೇ ಅವ್ವನ ಆ್ಯಪಿಗೆ ಮಾಮಾನ ಹೆಸರಿನಲ್ಲಿ ಒಂದು ಸಾಲು ಬಂತು: “ಅಕ್ಕಾ, ನನ್ನ ಮದ್ವಿಗೆ ಯಾಕ ಬರ್ಲಿಲ್ಲ?”

ಅವ್ವ ಅದನ್ನು ಎರಡು ಸಲ ಓದಿದಳು. “ಇಂವ ನಮ್ಮ ಬಸೂನ ಹೌದಂತ ಹೆಂಗ ನಂಬ್ಲಿ?” ಎಂದಳು. ಇನ್ನೊಬ್ಬರ ಹೆಸರಿನಲ್ಲಿ ಬರೆಯುವ ಮೋಸಗಾರರು ನಮ್ಮ ಕಾಲದಲ್ಲೂ ಇದ್ದಾರೆ. ಅದಕ್ಕೇ ‘ಗುರುತುಮಾತು’. ಎರಡೂ ಕಡೆ ಒಂದೇ ಪದಗಳು ಮೂಡುತ್ತವೆ, ಒಬ್ಬರಾದ ಮೇಲೊಬ್ಬರು ಒಂದೊಂದು ಪದ ಓದಿ ತಾಳೆ ನೋಡಬೇಕು. ನಡುವೆ ಯಾರಾದರೂ ಹೊಕ್ಕಿದ್ದರೆ ಪದಗಳು ಕೂಡುವುದಿಲ್ಲ.

ಅವ್ವ ಫೋನು ಹಚ್ಚಿ “ಹುಣಶಿ” ಎಂದಳು. ಮುಪ್ಪಾದ ದನಿಯೊಂದು “ಕಂಬಳಿ” ಎಂದಿತು.

“ಜಾಲಿ.”

“ಬೆಲ್ಲ.”

ಅವ್ವ ಕನ್ನಡಕ ತೆಗೆದಳು.

“ಓದಬೇ ಅಕ್ಕಾ,” ಎಂದ ಮಾಮಾ, ಅಳುತ್ತ.

“ತಡಿಯೋ, ಕನ್ನಡಕ ಒರಸ್ಕೋತೀನಿ. ಖರೇನ ಕರದಿದ್ದೇನು ನನ್ನ?”

“ಎಲ್ಲಾರಿಗಿಂತ ಮೊದ್ಲ ನಿನಗ ಬರದಿದ್ದೆ.”

“ನನಗ ಮುಟ್ಟೇ ಇಲ್ಲೋ ತಮ್ಮಾ.”

ಆದರೂ ಅವ್ವ ಹಟ ಬಿಡದೆ ಕೊನೆಯ ಪದದವರೆಗೂ ಓದಿಸಿದಳು. ಎಲ್ಲವೂ ಕೂಡಿತು. ಯುಗಾದಿಗೆ ಮಾಮಾ ಮಾಮಿಯನ್ನು ಕರೆತಂದ. ಮೂವತ್ತು ವರ್ಷ ತಡವಾಗಿ ಅವ್ವ ಮಾಮಿಗೆ ಉಡಿ ತುಂಬಿದಳು.

ಅಜ್ಜೀ, ಇಂಥ ಕಾಯಿದೆಯ ಮಾತು ಮೊದಲೆದ್ದದ್ದು ನಿಮ್ಮ ಕಾಲದಲ್ಲೇ ಅಂತೆ. ಆ್ಯಪುಗಳನ್ನು ಕೂಡಿಸುವ ನೆಪದಲ್ಲಿ ಬೀಗ ಒಡೆಯಲು ಬಂದರೆ ಒಪ್ಪಬೇಡಿ, ಆದರೆ ಕೂಡಿಸಿರೆಂದು ಕೇಳುವುದನ್ನು ಬಿಡಲೂಬೇಡಿ. ಅಲ್ಲಿಯತನಕ, ನಿಮ್ಮವರು ಯಾರಾದರೂ ಉತ್ತರ ಕೊಡದೆ ಸುಮ್ಮನಿದ್ದರೆ, ಸಿಟ್ಟಾಗುವ ಮೊದಲು ಒಂದು ಫೋನು ಮಾಡಿ.

ನಿಮ್ಮ ಹುಡುಗಿ,
ದಾನೇಶ್ವರಿ