ದೊಡ್ಡಮ್ಮ ಅನ್ನಬೇಡಿ

ಠಾಕುರ್ಲಿ
ಭಾನುವಾರ, ೯ ಫೆಬ್ರವರಿ ೨೦೨೫

ರಮಿತಾ ಅವರಿಗೆ ಠಾಕುರ್ಲಿಯ ಬಾಗಿ ಮಾಡುವ ನಮಸ್ಕಾರ.

ಮೊದಲು ‘ಮುದ್ದು ಮಗಳೇ’ ಎಂದು ಬರೆದಿದ್ದೆ. ಆ ಹಾಳೆ ಹರಿದು ಹಾಕಿ ಈಗ ಹೀಗೆ ಬರೆಯುತ್ತಿದ್ದೇನೆ. ಇಷ್ಟು ದಿನ ‘ನೀನು’ ಎಂದವಳು ಇದ್ದಕ್ಕಿದ್ದಂತೆ ‘ನೀವು’ ಎಂದರೆ ಸಿಟ್ಟೆಂದು ತಿಳಿಯಬೇಡಿ. ನಿಮ್ಮ ಮೇಲೆ ಸಿಟ್ಟು ಮಾಡಲು ನನಗೆ ಬರುತ್ತಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಹೋದ ಗುರುವಾರ ಥಾಣೆಯ ನಿಮ್ಮ ಕೌನ್ಸೆಲಿಂಗ್ ಕೋಣೆಯಲ್ಲಿ ಕುಳಿತಿದ್ದಾಗ, ನಾನು ಚೇತರಿಸಿಕೊಂಡಿದ್ದೇನೆ, ಇನ್ನು ಬರಬೇಕಾಗಿಲ್ಲ ಎಂದಿರಿ. ಈ ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಕೈಯಲ್ಲಿ ಗುಣವಾದ ಮೊದಲನೆಯವಳು ನಾನೇ ಎಂದು ಹೇಳುವಾಗ ನಿಮ್ಮ ಕಣ್ಣು ತುಂಬಿತ್ತು. ನಾನೂ ತಲೆಯಾಡಿಸಿದೆ. ನಿದ್ದೆ ಬರುತ್ತದೆ ಎಂದದ್ದು, ಮನಸ್ಸು ಹಗುರಾಯಿತು ಎಂದದ್ದು, ಎಲ್ಲ ಸುಳ್ಳು. ನಾನು ಒಂದು ಮಾತು ಹೇಳಲೆಂದು ಬಂದವಳು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಎದ್ದು ಬಂದೆ.

ಎಲ್ಲಿ ತಪ್ಪಿತು ಎಂದು ಲೋಕಲ್ ರೈಲಿನಲ್ಲಿ ಬರುವಾಗ ಯೋಚಿಸಿದೆ. ಮೊದಲ ದಿನವೇ ತಪ್ಪಿತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ನೀವು ಊರು ಕೇಳಿದಿರಿ. ಬೆಳ್ಮಣ್ಣು ಎಂದೆ. ಯಾವ ಮನೆ ಎಂದಿರಿ, ಅದನ್ನೂ ಹೇಳಿದೆ. “ನಮ್ಮ ಅಜ್ಜಿ ಮನೆ ಅಲ್ಲೇ ಹತ್ರ. ಹಾಗಾದ್ರೆ ನೀವು ನಂಗೆ ದೊಡ್ಡಮ್ಮ ಆಗ್ಬೇಕು” ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಿರಿ. ತಪ್ಪು ನಿಮ್ಮೊಬ್ಬರದಲ್ಲ. ನಮ್ಮ ಕಡೆಯವರು ಲೇಡೀಸ್ ಡಬ್ಬಕ್ಕೆ ಠಾಕುರ್ಲಿಯಲ್ಲಿ ಹತ್ತಿದರೆ ಮುಂದಿನ ಸ್ಟೇಷನ್ ಡೊಂಬಿವಲಿ ಬರುವಷ್ಟರಲ್ಲಿ ನೆಂಟಸ್ತನ ಹುಡುಕಿ ಮುಗಿಸುವವರು. ಹತ್ತಿರವಾಗಲು ನಮಗೆ ಗೊತ್ತಿರುವುದು ಅದೊಂದೇ ದಾರಿ. ಆದರೆ ದೊಡ್ಡಮ್ಮ ಆದ ಮೇಲೆ ನಾನು ದೊಡ್ಡಮ್ಮನಂತೆ ಇರಬೇಕಾಯಿತಲ್ಲ. ಮಗಳ ಪ್ರಾಯದ ಹುಡುಗಿಯ ಮುಂದೆ ಯಾವ ದೊಡ್ಡಮ್ಮ ತನ್ನ ಒಳಗಿನ ಹೊಲಸು ತೆಗೆದಿಟ್ಟಾಳು?

ಆಮೇಲಿನದನ್ನು ನೆನೆದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ನೀವು ಸಪೂರವಾಗಿದ್ದೀರೆಂದು ಪತ್ರೊಡೆ ಕಟ್ಟಿ ತಂದೆ. ಕಲ್ಯಾಣ್‌ನಲ್ಲೊಬ್ಬ ಒಳ್ಳೆಯ ಹುಡುಗ ಇದ್ದಾನೆಂದು ಸಂಬಂಧದ ಮಾತೆತ್ತಿದೆ. ನಿಮ್ಮ ಕೆಲಸ ನೋಡಿಕೊಳ್ಳುವ ಮೇಡಂ ಗದರಿದರೆಂದು ನೀವು ಹೇಳಿದ ದಿನ ನಿಮ್ಮ ತಲೆ ಸವರಿದೆ. ಯಾರಿಗೆ ಯಾರು ಮದ್ದು ಕೊಡುತ್ತಿದ್ದೆವೋ. ನಿದ್ದೆಯಿಲ್ಲ ಎಂದರೆ ನಿಮ್ಮ ಮುಖ ಬಾಡುತ್ತಿತ್ತು, ಹಾಗಾಗಿ ಬಂತು ಎಂದೆ.

ಒಂದೇ ಒಂದು ದಿನ ಆ ಮಾತು ಬಾಯಿಯ ತನಕ ಬಂದಿತ್ತು. ಅಂದು ಕರೆಂಟು ಹೋಗಿ ಫ್ಯಾನ್ ನಿಂತಿತ್ತು, ನೀವೂ ಏನೂ ಕೇಳದೆ ಸುಮ್ಮನಿದ್ದಿರಿ. ನಾನು ಗಂಡನ ಸುದ್ದಿ ಎತ್ತಿದೆ. ಎರಡು ವರ್ಷದ ಹಿಂದೆ ಪಕ್ಷವಾತ ಬಡಿದು, ಮಾತು ಹೋಗಿ ಮಲಗಿದವರು ಎಂಬಷ್ಟೇ ನಿಮಗೆ ಗೊತ್ತು. ‘ಊಟದ ಹೊತ್ತಿಗೆ’ ಎಂದು ತೊಡಗಿದೆ, ಅಳು ಬಂತು. ನೀವು ಹೆದರಿಬಿಟ್ಟಿರಿ. “ಟೆನ್ಶನ್ ನಕೋ, ಟೆನ್ಶನ್ ಬೇಡ ದೊಡ್ಡಮ್ಮ, ಅವರನ್ನ ದೇವರ ಹಾಗೆ ನೋಡ್ಕೊಳ್ತೀರಿ ನೀವು” ಎಂದು ನೀರು ಕೊಟ್ಟಿರಿ. ಕುಡಿದೆ. ನೀರಿನೊಂದಿಗೆ ಮಾತೂ ಒಳಗೆ ಹೋಯಿತು. ನಿಮ್ಮ ಹಾಗೆ ಚಾಕರಿ ಮಾಡುವವರು ಯಾರುಂಟು ಅತ್ತಿಗೆ ಎಂದು ನನ್ನ ನಾದಿನಿಯೂ ಹೇಳುತ್ತಾಳೆ. ಬಿಲ್ಡಿಂಗಿನವರೆಲ್ಲ ಹೇಳುತ್ತಾರೆ. ಹಾಗೆ ಹೇಳದವರು ಒಬ್ಬರು ನನಗೆ ಬೇಕಿತ್ತು.

ಬೇರೆಯವರ ಹತ್ತಿರ ಹೋಗಬಹುದಿತ್ತು ಎನ್ನುತ್ತೀರೇನೋ. ಅಲ್ಲಿ ಕನ್ನಡ ಬಲ್ಲವರು ನೀವೊಬ್ಬರೇ. ನನ್ನ ಹಿಂದಿ ತರಕಾರಿಯವನಿಗೆ, ರಿಕ್ಷಾದವನಿಗೆ ಸಾಕು, ಇದಕ್ಕೆ ಸಾಲದು.

ನನ್ನ ಬೇಸರ ನನ್ನ ಬಗ್ಗೆ ಮಾತ್ರ ಅಲ್ಲ. ನೀವು ಹೊಸಬರು. ಮನಸ್ಸಿಟ್ಟು ಕಲಿಯಲು ಬಂದ ಹುಡುಗಿಯನ್ನು ನಾನು ಕಲಿಯಲು ಬಿಡಲಿಲ್ಲ. ಗುಣವಾಯಿತೆಂಬ ನನ್ನ ಸುಳ್ಳನ್ನು ನಂಬಿ ನಾಳೆ ಇನ್ನೊಬ್ಬಳಿಗೂ ಹೀಗೇ ಮಾಡುತ್ತೀರಿ. ಅವಳೂ ನನ್ನ ಹಾಗೆ ನಗುತ್ತ ಮನೆಗೆ ಹೋಗುತ್ತಾಳೆ. ಆ ಪಾಪದಲ್ಲಿ ನನಗೂ ಪಾಲುಂಟು.

ಇನ್ನೊಮ್ಮೆ ಬರಲೇ? ಬಂದರೆ ದೊಡ್ಡಮ್ಮ ಅನ್ನಬೇಡಿ, ಬಾಗಿ ಎಂದೇ ಕರೆಯಿರಿ. ಅತ್ತರೆ ಅಳಲು ಬಿಡಿ. ನನ್ನ ಮಾತು ಕೇಳಿ ಹೇಸಿಗೆಯಾದರೆ ಅದನ್ನು ಮುಚ್ಚಿಡಬೇಕಾಗಿಲ್ಲ, ಆದರೆ ಎದ್ದು ಹೋಗಬೇಡಿ. ನನಗೆ ನನ್ನದೇ ಹೆದರಿಕೆಯಾಗುತ್ತಿದೆ.

ನಿಮ್ಮ ಒಳಿತನ್ನೇ ಬಯಸುವ,
ಬಾಗಿ

ತಾ.ಕ.: ಎದುರಿಗೆ ಕುಳಿತರೆ ಮತ್ತೆ ಬಾಯಿ ಕಟ್ಟೀತು, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ. ಮದುವೆಯಾಗಿ ಬಂದಂದಿನಿಂದ ಅವರು ಉಂಡೆದ್ದ ಮೇಲೆಯೇ ನಾನು ಉಣ್ಣಬೇಕಿತ್ತು. ಸಾನಪಾಡಾದ ತಮ್ಮ ಹೋಟೆಲು ಮುಚ್ಚಿ ಎಷ್ಟು ಹೊತ್ತಿಗೆ ಬಂದರೂ ಹಸಿದು ಕಾಯಬೇಕಿತ್ತು, ಬಸುರಿಯಾಗಿದ್ದಾಗಲೂ. ಈಗ ಅವರ ಗಂಜಿಯನ್ನು ಅವರಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟು, ಮಂಚದ ಎದುರು ಕುಳಿತು ಮೊದಲು ನಾನು ಉಣ್ಣುತ್ತೇನೆ, ನಿಧಾನವಾಗಿ. ಅವರು ಬಟ್ಟಲನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ದಿನದಲ್ಲಿ ನನಗೆ ಸಂತೋಷವಾಗುವ ಹೊತ್ತು ಅದೊಂದೇ. ನಿನ್ನೆ ಅವರು ಅತ್ತರು. ನಾನು ಇನ್ನೊಂದು ಸಲ ಅನ್ನ ಬಡಿಸಿಕೊಂಡೆ.