ರಸ್ತೆಯ ನಡುವೆ

ಪೊಂಟೆವೆದ್ರಾ, ಸೋಮವಾರ

ಪ್ರೀತಿಯ ಶೆನಾರೊ ಅಣ್ಣಾ,

ಅಕ್ಷರ ದಪ್ಪಗಿವೆ ಎಂದು ನಗಬೇಡ, ಸಣ್ಣವು ಈಗ ನನಗೇ ಕಾಣುವುದಿಲ್ಲ. ಎಲ್ಲಿಗೆ ಹೊರಟರೂ ನಿನ್ನ ಕಾರಿಗೆ ಕಾಯದೆ ಬದುಕಲೆಂದು ಮೂರು ಊರು ನೋಡಿದೆ. ಪ್ರತಿ ಊರಲ್ಲೂ ರಸ್ತೆ ಬದಿಯಲ್ಲಿ ಕಣ್ಣು ಮುಚ್ಚಿ ನಿಂತೆ. ಮೊದಲೆರಡರಲ್ಲಿ ಎಂಜಿನ್ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಇಲ್ಲಿ ಕಾರಂಜಿಯ ನೀರು, ಯಾರದೋ ಊರುಗೋಲು, ಮೇಲಿನ ಮಹಡಿಯಲ್ಲಿ ಮೊಟ್ಟೆ ಕಲಕುವ ಸದ್ದು ಕೂಡ ಕೇಳಿತು.

"ಅಮ್ಮಾ, ಸ್ವಲ್ಪ ರಸ್ತೆ ದಾಟಿಸ್ತೀರಾ?" ಎಂದು ಮೀನು ಮಾರುವವಳನ್ನು ಕೇಳಿದೆ.

"ಅಯ್ಯೋ, ಅರ್ಧ ಗಂಟೆಯಿಂದ ರಸ್ತೆ ಮಧ್ಯದಲ್ಲೇ ನಿಂತಿದೀಯಲ್ಲೇ ತಾಯಿ! ಈ ಊರೊಳಗೆ ಕಾರು ಬಿಡೋದೇ ಇಲ್ಲ."

ಅಂದೇ ಮನೆ ಗೊತ್ತುಮಾಡಿದೆ.

ಬರುವಾಗ ನನ್ನ ಉಣ್ಣೆಯ ಕಂಬಳಿ ತೆಗೆದುಕೊಂಡು ಬಾ. ಕಾರನ್ನು ಊರಾಚೆ ನಿಲ್ಲಿಸಿ ನಡೆದು ಬಾ. ಹಾರನ್ ಹೊಡೆಯಬೇಡ. ನೀನು ಬೂಟು ಎಳೆದುಕೊಂಡು ನಡೆಯುವ ಸದ್ದು ಕೇಳಿದರೆ ಸಾಕು, ನಾನೇ ಎದುರು ಬರುತ್ತೇನೆ, ಒಬ್ಬಳೇ.

ನಿನ್ನ ತಂಗಿ,
ಎಲಾದಿಯಾ