ಮರಗಮ್ಮನ ಹಗುರ ಕೆಲಸ

ಮುಂಬೈ ಹತ್ತಿರದ ಕಲ್ಯಾಣ, ಮಾರ್ಚ್ ೧೧, ಮಂಗಳವಾರ

ಮರಗಮ್ಮನ ಮಾತು ಇನ್ನೂ ತಲೆಯೊಳಗೆ ಕುಟ್ಟುತ್ತಿದೆ. ಗರ್ಭಕೋಶ ಜಾರಿ ಹೊರಗೆ ಬರುತ್ತಿದ್ದರೂ ಬಟ್ಟೆ ಒತ್ತಿಕೊಂಡು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರ ಮರಾಠಿಯನ್ನು ಅವಳಿಗೂ ಅವಳ ಕಲಬುರಗಿ ಕನ್ನಡವನ್ನು ಡಾಕ್ಟರಿಗೂ ಸಂಘದಿಂದ ಜೊತೆಗೆ ಹೋಗಿದ್ದ ನಾನೇ ತಿಳಿಸಿ ಹೇಳಿದೆ.

ಭಾರ ಎತ್ತುತ್ತೀಯಾ ಎಂದು ಡಾಕ್ಟರು ಕೇಳಿದರು. "ಇಲ್ರೀ, ಹಗುರ ಕೆಲಸ ಕೇಳಿ ತಗೊಂಡೀನಿ" ಎಂದಳು. ಏನು ಕೆಲಸ ಎಂದು ನಾನು ಕೇಳಿದೆ. "ನಡದ್ರ ಜಾರ್ತದ ಅಕ್ಕಾ. ಅದಕ್ಕ ನಿಂತಲ್ಲೇ ನಿಂತು ಉಳಿದವ್ರ ತಲಿ ಮ್ಯಾಲ ಮರಳಿನ ಬುಟ್ಟಿ ಎತ್ತಿ ಇಡ್ತೀನಿ."

ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಇದನ್ನು ಉಪಕಾರವೆಂದು ಕೊಟ್ಟನಂತೆ! ಹೆಂಗಸಿನ ಒಡಲನ್ನೇ ಹರಿಯುವ ಕೆಲಸಕ್ಕೆ ಹಗುರ ಎಂದು ಹೆಸರಿಟ್ಟಿದ್ದಾರೆ. ಥೂ.

ಸೋಮವಾರ ಆಪರೇಷನ್. ಗರ್ಭಕೋಶ ತೆಗೆದು, ಸಡಿಲಾದ ಒಳಭಾಗವನ್ನು ಮೇಲಕ್ಕೆಳೆದು ಹೊಲಿಯುತ್ತಾರೆ. ಇವತ್ತಿನಿಂದಲೇ ಭಾರ ಮುಟ್ಟಬಾರದು. ಆಮೇಲೂ ಮೂರು ತಿಂಗಳು ನೀರಿನ ಕೊಡವನ್ನೂ ಎತ್ತಬಾರದು ಎಂದರು ಡಾಕ್ಟರು. ಮರಗಮ್ಮ ಒಪ್ಪಿ ತಲೆಯಾಡಿಸಿದಳು. ಗೆದ್ದೆವು ಅಂದುಕೊಂಡೆ.

ಸಂಜೆ ಅವಳನ್ನು ಜೋಪಡಿಗೆ ಬಿಟ್ಟೆ. ಸೊಸೆ ಜ್ಯೋತಿ, ಹೆತ್ತು ಎರಡು ತಿಂಗಳೂ ತುಂಬದವಳು, ಕೂಸಿಗೆ ಹಾಲೂಡಿಸುತ್ತಿದ್ದಳು. "ಅತ್ತಿ ಜಾಗಾ ಬ್ಯಾರೇದವ್ರಿಗಿ ಹೋಗಬಾರ್ದಲ್ರೀ ಅಕ್ಕಾ. ನಾಳಿಂದ ನಾ ನಿಲ್ತೀನಿ. ಹಗುರ ಕೆಲಸನೇ ಅದ."

ಮರಗಮ್ಮ ನನ್ನ ಮುಖ ನೋಡಿದಳು. "ಹಂಗಿದ್ರ ನನಗ ಆಪರೇಷನ್ನೇ ಬ್ಯಾಡ" ಎಂದಳು.

ಇದು ಭಾಷಣದಿಂದ ಮುಗಿಯುವುದಲ್ಲ. ನಾಳೆ ಬೆಳಿಗ್ಗೆ ಜ್ಯೋತಿಗಿಂತ ಮೊದಲೇ ನಾನು ಆ ಮುಕಾದಮನ ಮುಂದೆ ನಿಂತಿರಬೇಕು. ಜಗಳಕ್ಕೋ, ಅವರ ಜಾಗ ಉಳಿಸಲು ನಾನೇ ಬುಟ್ಟಿ ಎತ್ತುವುದಕ್ಕೋ, ತಿಳಿಯದು.